ವಿದ್ಯಾರ್ಥಿಯ ಕೈಯಲ್ಲಿರುವ ಬೀಗದಕೈ

ಉಸ್ಮಾನಿಯಾದಿಂದ ಗಚ್ಚಿಬೌಲಿಯವರೆಗೆ ಈ ನಗರದ ವಿದ್ಯಾಲಯಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಕಂಪ್ಯೂಟರ್ ಹೊಸದಲ್ಲ. ಆದರೂ ಪಾಸ್‌ವರ್ಡನ್ನು ಗೆಳೆಯನಿಗೆ ಹೇಳಿಬಿಡುವವರು ಅವರಲ್ಲಿದ್ದಾರೆ. ಕೊರತೆ ಇರುವುದು ಪ್ರೇರಣೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ದಂಡನೆಯ ಭಯ ತೋರಿಸುತ್ತದೆ. ಇಲ್ಲಿನ ಸಿ-ಡಾಕ್ ಸಂಸ್ಥೆ ಜಾಗೃತಿಯ ಪಾಠ ಹೇಳುತ್ತ ಬಂದಿದೆ. ಎರಡೂ ಬೇಕು. ಆದರೆ ‘ನನ್ನಲ್ಲಿ ಕದಿಯಲು ಏನಿದೆ?’ ಎನ್ನುವ ತರುಣನನ್ನು ಇವು ತಟ್ಟಲಾರವು. ಅವನಿಗೆ ನಾನು ಹೇಳುವುದಿಷ್ಟು: ರಾಯಚೂರಿನಲ್ಲೋ ಬೀದರಿನಲ್ಲೋ ಇರುವ ತಾಯಿಯ ಖಾತೆಯ ವ್ಯವಹಾರ ನಿನ್ನ ಮೊಬೈಲಿನಲ್ಲಿದೆ. ಕಮಿಷನ್ನಿನ ಆಸೆಗೆ ನೀನು ಪರರಿಗೆ ಬಿಟ್ಟುಕೊಟ್ಟ ಬ್ಯಾಂಕ್ ಖಾತೆಯ ಮೂಲಕ ಯಾರೋ ವೃದ್ಧರ ಜೀವಮಾನದ ಉಳಿತಾಯ ಹರಿದುಹೋದೀತು. ತನಗಾಗಿ ಎಚ್ಚರ ವಹಿಸದವನೂ ತನ್ನವರಿಗಾಗಿ ವಹಿಸುತ್ತಾನೆ.

ಹಿರಿಯರಾದ ನಮ್ಮ ಕರ್ತವ್ಯವೂ ಇದೆ. ಮೋಸಹೋದ ಮಗನನ್ನು ಜರೆದರೆ ಅವನು ಸಂಗತಿಯನ್ನು ಮುಚ್ಚಿಡುತ್ತಾನೆ. 1930ಕ್ಕೆ ಒಡನೆ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಸಾಧ್ಯತೆಯುಂಟು. ತಡವಾದಷ್ಟೂ ಅದು ಕ್ಷೀಣಿಸುತ್ತದೆ.

ರಾಜ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆಯನ್ನು ಮೀಸಲಿಟ್ಟು, ಈ ಪಾಠವನ್ನು ವಿದ್ಯಾರ್ಥಿಗಳಿಂದಲೇ ಹಿರಿಯರಿಗೆ ಹೇಳಿಸೋಣ. ನಾಲ್ಕು ಜನರೆದುರು ಬುದ್ಧಿ ಹೇಳಿದವನಿಗೆ ತಾನು ತಪ್ಪಿ ನಡೆಯಲು ಸಂಕೋಚವಾಗುತ್ತದೆ. ಆ ಸಂಕೋಚವೇ ಅವನಿಗೆ ಕಾವಲು.