ಹತ್ತು ಸೆಂಟಿನ ವೀರಸಭೆ

ಎಳೆತನದಲ್ಲಿ ಓದಿದ ಪುಸ್ತಕವನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. 'ಅಯ್ಯೋ, ಇದನ್ನೇ ನಾನು ಅಷ್ಟು ಮೆಚ್ಚಿದ್ದೆನೆ!' ಎಂಬುದು ಒಂದು; 'ಈಗಿನವರಿಗೆ ಇಂಥದನ್ನು ಬರೆಯಲು ಬರುವುದಿಲ್ಲ' ಎಂಬುದು ಇನ್ನೊಂದು. ಈ ಎರಡನ್ನೂ ಆಡದೆ ಮೂರನೆಯದೊಂದು ಕೆಲಸಕ್ಕೆ ಕೈಹಾಕಿದ ಕೆಲವರು ಅಮೆರಿಕ ದೇಶದಲ್ಲಿ ಇದ್ದರು. ಅವರು ನೆನೆದದ್ದು ಕಾವ್ಯವನ್ನಲ್ಲ, ಕಾದಂಬರಿಯನ್ನೂ ಅಲ್ಲ. ಹತ್ತು ಸೆಂಟಿಗೆ ಅಂಗಡಿಯಲ್ಲಿ ಸಿಗುತ್ತಿದ್ದ, ಓದಿ ಎಸೆಯಲೆಂದೇ ಅಚ್ಚಾಗುತ್ತಿದ್ದ ಒಂದು ಬಣ್ಣದ ಚಿತ್ರಕಥೆಗಳ ಪತ್ರಿಕೆಯನ್ನು. ಸಾಹಿತ್ಯದ ಪುಟದಲ್ಲಿ ಅದರ ಪ್ರಸ್ತಾಪವೇಕೆ ಎಂದು ಹುಬ್ಬೇರಿಸುವ ವಾಚಕರು ತುಸು ತಾಳಬೇಕೆಂದು ಬೇಡುತ್ತೇನೆ. ಆ ಜನ ಮಾಡಿದ ಕೆಲಸದಲ್ಲಿ ಸಾಹಿತ್ಯದ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಗಮನಿಸತಕ್ಕ ಅಂಶ ಬಹಳವಿದೆಯೆಂದು ನನ್ನ ಎಣಿಕೆ.

ಪತ್ರಿಕೆಯ ಹೆಸರು 'ಆಲ್ ಸ್ಟಾರ್ ಕಾಮಿಕ್ಸ್'. 1940ರ ಚಳಿಗಾಲದಲ್ಲಿ ಅದರ ಮೂರನೆಯ ಸಂಚಿಕೆ ಹೊರಬಿದ್ದಿತು. ಮುಖಪುಟದಲ್ಲಿ ಒಂದು ಮೇಜು. ಸುತ್ತಲೂ ಕುಳಿತ ಅತಿಮಾನುಷ ವೀರರು. ಮಿಂಚಿನಂತೆ ಓಡುವ ಫ್ಲ್ಯಾಶ್, ಮಂತ್ರದುಂಗುರದ ಗ್ರೀನ್ ಲ್ಯಾಂಟರ್ನ್, ಗಿಡುಗನ ರೆಕ್ಕೆಯ ಹಾಕ್‌ಮನ್, ಮಾಂತ್ರಿಕ ಡಾಕ್ಟರ್ ಫೇಟ್, ಸತ್ತಮೇಲೂ ದುಷ್ಟರ ಬೆನ್ನು ಬಿಡದ ಸ್ಪೆಕ್ಟರ್, ಗುಳಿಗೆ ನುಂಗಿ ಒಂದೇ ಒಂದು ಗಂಟೆಯ ಮಟ್ಟಿಗೆ ಮಹಾಬಲನಾಗುವ ಅವರ್‌ಮನ್, ಇವರ ಜೊತೆಗೆ ಸ್ಯಾಂಡ್‌ಮನ್ ಮತ್ತು ಆಟಮ್: ಒಟ್ಟು ಎಂಟು ಮಂದಿ. ಅದುವರೆಗೆ ಇವರಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಕಥೆಯೊಳಗೆ ಒಂಟಿಯಾಗಿ ಬಾಳಿದವನು. ಲೋಕದಲ್ಲಿ ತನ್ನಂಥವನು ಇನ್ನೊಬ್ಬನಿದ್ದಾನೆಂಬ ಸುಳಿವು ಅವನಿಗೆ ಇರಲಿಲ್ಲ. ಅವರನ್ನು ಒಂದೇ ಮೇಜಿಗೆ ಕರೆದು ಕೂರಿಸಿದ್ದೇ ಹೊಸತು. ಕೂಟಕ್ಕೆ 'ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ' ಎಂದು ಹೆಸರಾಯಿತು. ನಾವು ನ್ಯಾಯಸಂಘ ಎನ್ನೋಣ. ಕಥೆ ಬರೆದವರು ಗಾರ್ಡ್ನರ್ ಫಾಕ್ಸ್ ಎಂಬವರು, ವಕೀಲಿ ಓದಿದವರು. ಸಂಪಾದಕರು ಷೆಲ್ಡನ್ ಮೇಯರ್.

ಆ ಮೊದಲ ಸಭೆಯಲ್ಲಿ ಅವರು ಒಟ್ಟಾಗಿ ಯಾರ ಮೇಲೂ ಯುದ್ಧಕ್ಕೆ ಹೋಗುವುದಿಲ್ಲ. ಊಟಕ್ಕೆ ಕೂರುತ್ತಾರೆ, ಸರದಿಯ ಮೇಲೆ ಒಬ್ಬೊಬ್ಬನೂ ತಾನು ಮಾಡಿದ ಸಾಹಸವನ್ನು ಹೇಳುತ್ತಾನೆ, ಮಿಕ್ಕವರು ಕೇಳುತ್ತಾರೆ. ನೈಮಿಷಾರಣ್ಯದ ಕಥೆ ಕೇಳಿ ಬೆಳೆದ ನಮಗೆ ಈ ಏರ್ಪಾಡು ಹೊಸದಲ್ಲ. ಮುಂದಿನ ಸಂಚಿಕೆಯಿಂದ ಅವರು ಒಂದೇ ಕಾರ್ಯಕ್ಕೆ ಒಟ್ಟಾಗಿ ಹೊರಟರು. ಮೊದಲು ಸಭೆ, ಆಮೇಲೆ ಒಬ್ಬೊಬ್ಬನಿಗೆ ಒಂದೊಂದು ಅಧ್ಯಾಯ, ಕೊನೆಗೆ ಎಲ್ಲರೂ ಕೂಡಿ ವಿಜಯ. ಇದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತೆಂಬುದನ್ನು ಮುಚ್ಚಬೇಕಾಗಿಲ್ಲ. ಸ್ವಂತ ಹೆಸರಿನ ಪತ್ರಿಕೆ ಪಡೆದ ವೀರನು ಸಂಘದ ನಿತ್ಯದ ಸದಸ್ಯತ್ವ ಬಿಟ್ಟು ಗೌರವ ಸದಸ್ಯನಾಗಬೇಕೆಂದು ನಿಯಮವಿತ್ತು. ಸೂಪರ್‌ಮನ್, ಬ್ಯಾಟ್‌ಮನ್ ಗೌರವ ಸದಸ್ಯರಾಗಿಯೇ ಉಳಿದದ್ದು ಇದರಿಂದ. ಅಷ್ಟಾಗಿ ಹೆಸರಾಗದ ವೀರರನ್ನು ಮಕ್ಕಳಿಗೆ ಪರಿಚಯ ಮಾಡಿಸುವ ಅಂಗಡಿಯ ಜಗಲಿ ಅದು. ಹದಿನೈದು ಸೆಂಟು ಕಳುಹಿಸಿದ ಮಗುವಿಗೆ ಕಿರಿಯರ ನ್ಯಾಯಸಂಘದ ಬಿಲ್ಲೆಯೂ ಸದಸ್ಯತ್ವದ ಪತ್ರವೂ ಅಂಚೆಯಲ್ಲಿ ಬರುತ್ತಿದ್ದವು.

1951ರಲ್ಲಿ ಐವತ್ತೇಳನೆಯ ಸಂಚಿಕೆಯೊಂದಿಗೆ ಸಂಘ ಮುಗಿಯಿತು. ಯಾರೂ ವಿದಾಯ ಹೇಳಲಿಲ್ಲ. ಐವತ್ತೆಂಟನೆಯ ಸಂಚಿಕೆ 'ಆಲ್ ಸ್ಟಾರ್ ವೆಸ್ಟರ್ನ್' ಎಂಬ ಹೆಸರು ಹೊತ್ತು, ಕುದುರೆ ಸವಾರರ ಕಥೆಯಾಗಿ ಬಂದಿತು. ಹಳೆಯ ಪ್ರತಿಗಳಾದರೋ, ಯುದ್ಧಕಾಲದಲ್ಲಿ ಶಾಲೆಯ ಮಕ್ಕಳು ದೇಶಸೇವೆಯೆಂದು ಮನೆಮನೆಯಿಂದ ಒಟ್ಟುಮಾಡಿದ ರದ್ದಿ ಕಾಗದದ ರಾಶಿಯಲ್ಲಿ ಎಷ್ಟೋ ಹೋಗಿದ್ದವು. ಉಳಿದುದಕ್ಕೆ ಇನ್ನೊಂದು ಕುತ್ತು ಬಂದಿತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಇಂಥ ಪತ್ರಿಕೆಗಳು ಮಕ್ಕಳನ್ನು ಕೆಡಿಸುತ್ತವೆಂದು ದೊಡ್ಡ ಪುಸ್ತಕವನ್ನೇ ಬರೆದರು. ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಗ್ರಂಥಾಲಯಗಳು ಕೊಳ್ಳುವಂತಿರಲಿಲ್ಲ, ಪ್ರಾಧ್ಯಾಪಕರು ಮೂಸಿ ನೋಡುವಂತಿರಲಿಲ್ಲ. ಪ್ರಕಾಶಕರಿಗಂತೂ ಮಾರಿದ ಮೇಲೆ ಅದು ಹಳೆಯ ಕಾಗದ.

ಇಂಥ ಹೊತ್ತಿನಲ್ಲಿ ಜೆರ್ರಿ ಬೇಲ್ಸ್ ಎಂಬ ತರುಣ ಆ ಪತ್ರಿಕೆಯನ್ನು ಹುಡುಕಿಕೊಂಡು ಹೊರಟನು. 1933ರಲ್ಲಿ ಹುಟ್ಟಿದವನು, ಮುಂದೆ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪ್ರಾಧ್ಯಾಪಕರಾದವರು ಇವರೇ. ಸಂಘವನ್ನು ಮತ್ತೆ ಬದುಕಿಸಿರೆಂದು ಪ್ರಕಾಶಕರಿಗೆ ಕಾಗದ ಬರೆದರು. ಕಥೆಗಾರ ಫಾಕ್ಸ್ ಅವರಿಗೆ ಪಟ್ಟುಹಿಡಿದು ಬರೆದರು. ಕೊನೆಗೆ ಫಾಕ್ಸ್ ತಾವು ಕಟ್ಟುಹಾಕಿಸಿ ಇಟ್ಟುಕೊಂಡಿದ್ದ ಸ್ವಂತ ಸಂಪುಟಗಳನ್ನು ಅವರಿಗೆ ಮಾರಿದರು. ಅಷ್ಟರಲ್ಲಿ ಮಿಸೌರಿ ರಾಜ್ಯದ ಇನ್ನೊಬ್ಬ ಹುಡುಗ, 1940ರಲ್ಲಿ ಹುಟ್ಟಿದ ರಾಯ್ ಥಾಮಸ್, ಅದೇ ಹಳೆಯ ಸಂಚಿಕೆಗಳನ್ನು ಹುಡುಕುತ್ತ ಫಾಕ್ಸ್ ಅವರ ಮೂಲಕ ಬೇಲ್ಸ್ ಅವರನ್ನು ತಲುಪಿದನು. ಕಾಗದಗಳು ಓಡಾಡಿದವು. 1961ರ ಮಾರ್ಚಿಯಲ್ಲಿ ಬೇಲ್ಸ್ 'ಆಲ್ಟರ್ ಈಗೊ' ಎಂಬ ಕಿರುಪತ್ರಿಕೆಯನ್ನು, ಉಪಾಧ್ಯಾಯರು ಪ್ರಶ್ನೆಪತ್ರಿಕೆ ತೆಗೆಯುವಂಥ ನಕಲು ಯಂತ್ರದಲ್ಲಿ, ಅಚ್ಚುಮಾಡಿ ಹಂಚಿದರು.

ಇದಕ್ಕೆ ಒಂದು ವರ್ಷದ ಹಿಂದೆ, 1960ರಲ್ಲಿ, ಜೂಲಿಯಸ್ ಷ್ವಾರ್ಟ್ಸ್ ಎಂಬ ಸಂಪಾದಕರು ಹಳೆಯ ಕೂಟದ ಮಾದರಿಯಲ್ಲಿ 'ಜಸ್ಟಿಸ್ ಲೀಗ್' ಎಂಬ ಹೊಸ ಕೂಟವನ್ನು ಕಟ್ಟಿದ್ದರು. ಷ್ವಾರ್ಟ್ಸ್ ತಾವೇ ಅಭಿಮಾನಿಗಳಾಗಿ ಬೆಳೆದವರು. 1932ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ವೈಜ್ಞಾನಿಕ ಕಥೆಗಳ ಪ್ರೇಮಿಗಳಿಗಾಗಿ ಗೆಳೆಯರೊಡನೆ ಪತ್ರಿಕೆ ತೆಗೆದವರು. ಆದ್ದರಿಂದ ವಾಚಕರ ಪತ್ರಗಳನ್ನು ಪೂರ್ಣ ವಿಳಾಸದೊಡನೆ ಪ್ರಕಟಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡರು. ಸಣ್ಣ ಸಂಗತಿಯೇ ಸರಿ. ಆದರೆ ಬೇರೆ ಬೇರೆ ಊರುಗಳಲ್ಲಿ ತನ್ನೊಬ್ಬನಿಗೇ ಈ ಹುಚ್ಚು ಎಂದುಕೊಂಡಿದ್ದ ನೂರಾರು ಜನ ಒಬ್ಬರನ್ನೊಬ್ಬರು ಕಂಡುಕೊಂಡದ್ದು ಆ ವಿಳಾಸಗಳಿಂದ. ಎಂಟು ಮಂದಿ ಒಂಟಿವೀರರನ್ನು ಒಂದೆಡೆ ಕೂರಿಸಿದ ಪತ್ರಿಕೆ, ಹತ್ತು ವರ್ಷ ಸತ್ತಿದ್ದು, ತನ್ನ ಒಂಟಿ ವಾಚಕರನ್ನೂ ಒಂದೆಡೆ ಕೂರಿಸಿತು.

ಇನ್ನು ನಾನು ಮೇಲೆ ಹೇಳಿದ ಮೂರನೆಯ ಕೆಲಸ. ಆ ಕಾಲದ ಚಿತ್ರಕಥೆಗಳಲ್ಲಿ ಬರೆದವರ ಹೆಸರು, ಚಿತ್ರ ತೆಗೆದವರ ಹೆಸರು ಬಹುಮಟ್ಟಿಗೆ ಅಚ್ಚಾಗುತ್ತಿರಲಿಲ್ಲ. ಒಬ್ಬ ಬರೆದು, ಇನ್ನೊಬ್ಬ ಪೆನ್ಸಿಲಿನಲ್ಲಿ ಬಿಡಿಸಿ, ಮೂರನೆಯವನು ಮಸಿ ತೀಡಿದ ಪುಟ ಪ್ರಕಾಶಕನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಬೇಲ್ಸ್ ಸಂಚಿಕೆ ಸಂಚಿಕೆಯಾಗಿ ಸೂಚಿಗಳನ್ನು ಸಿದ್ಧಮಾಡಿದರು. ಬದುಕಿದ್ದ ಕಲಾವಿದರಿಗೆ ಪ್ರಶ್ನೆಗಳ ಹಾಳೆ ಕಳುಹಿಸಿದರು. ಕಣ್ಣು ಬಿಡಿಸುವ ರೀತಿ, ಬಟ್ಟೆಯ ನೆರಿಗೆಯ ರೀತಿ ನೋಡಿ ಕೈಯನ್ನು ಗುರುತಿಸಿದರು. ಹೇಮ್ಸ್ ವೇರ್ ಅವರೊಡನೆ ಸೇರಿ 1973ರಿಂದ 1976ರವರೆಗೆ ಅಮೆರಿಕದ ಚಿತ್ರಕಥೆಗಾರರ ಪರಿಚಯಕೋಶವೊಂದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದರು. 'ಕವಿಚರಿತೆ'ಯ ನಾಡಿನವರಾದ ನಮಗೆ ಈ ದುಡಿಮೆಯ ಬೆಲೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ವಿದ್ವಾಂಸರಿಗೆ ಓಲೆಗರಿಯ ಕೊನೆಯಲ್ಲಿ ಕವಿಯ ಅಂಕಿತವಾದರೂ ಸಿಗುತ್ತಿತ್ತು. ಬೇಲ್ಸ್ ಅವರಿಗೆ ಅದೂ ಇರಲಿಲ್ಲ.

ಅಭಿಮಾನಿಗಳ ಈ ಕಿರುಪತ್ರಿಕೆಗಳನ್ನು ಹೊಗಳಿ 1973ರಲ್ಲಿ ಒಂದು ಪುಸ್ತಕ ಹೊರಬಂದಿತು. ಬರೆದವರು ಯಾರೆಂದು ಊಹಿಸಿದಿರಾ? ಅದೇ ವರ್ಥಮ್!

ಇಷ್ಟನ್ನು ಹೇಳಿದ ಮೇಲೆ ಅಭಿಮಾನದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮಾತು ಅರ್ಧವಾದೀತು. ಪ್ರೀತಿಸಿದ ವಸ್ತುವನ್ನು ಉಳಿಸುವುದು ಒಂದು. ಅದನ್ನು ನಾವು ಬಯಸಿದಂತೆ ತಿದ್ದಿಕೊಳ್ಳುವುದು ಮತ್ತೊಂದು. ಎರಡನ್ನೂ ಒಂದೇ ಹೃದಯ ಮಾಡುತ್ತದೆ, ಹಲವು ವೇಳೆ ತನಗೆ ತಿಳಿಯದೆಯೇ.

ವಂಡರ್ ವುಮನ್ ಎಂಬ ವೀರಾಂಗನೆಯ ವಿಷಯವನ್ನೇ ತೆಗೆದುಕೊಳ್ಳಿ. ಅವಳು ಮೊದಲು ಕಾಣಿಸಿಕೊಂಡದ್ದೇ ಈ ಪತ್ರಿಕೆಯ ಎಂಟನೆಯ ಸಂಚಿಕೆಯಲ್ಲಿ, 1941ರ ಕೊನೆಯಲ್ಲಿ. ಅವಳನ್ನು ಸೃಷ್ಟಿಸಿದ ವಿಲಿಯಮ್ ಮಾರ್‌ಸ್ಟನ್ ಮನಶ್ಶಾಸ್ತ್ರಜ್ಞರು. ಹೆಣ್ಣು ಗಂಡಿಗೆ ಕಡಮೆಯಲ್ಲವೆಂದು ತೋರಿಸುವುದಕ್ಕಾಗಿಯೇ ಅವಳನ್ನು ಕಲ್ಪಿಸಿದವರು. ಮರುವರ್ಷ ನ್ಯಾಯಸಂಘ ಅವಳನ್ನು ಸೇರಿಸಿಕೊಂಡಿತು, ಯಾವ ಪದವಿಗೆ? ಕಾರ್ಯದರ್ಶಿಯ ಪದವಿಗೆ. ಗುಂಡನ್ನು ಕಡಗದಿಂದ ತಡೆಯಬಲ್ಲ ಹೆಣ್ಣು, ಗಂಡಸರು ಯುದ್ಧಕ್ಕೆ ಹೋದಾಗ ಸಭೆಯ ನಡವಳಿ ಬರೆದುಕೊಂಡು ಹಿಂದೆ ಉಳಿಯಬೇಕು! ಸ್ವಂತ ಪತ್ರಿಕೆಯುಳ್ಳವರು ನಿತ್ಯದ ಸದಸ್ಯರಾಗಬಾರದೆಂಬ ನಿಯಮವನ್ನು ಇದಕ್ಕೆ ಸಮರ್ಥನೆಯಾಗಿ ತೋರಿಸುವವರುಂಟು. ನಿಯಮವೇನೋ ನಿಜ. ಆದರೆ ಫ್ಲ್ಯಾಶ್ ನಿಯಮದಂತೆ ಹೊರಗೆ ಹೋದಾಗ ಅವನಿಗೆ ಯಾರೂ ಲೆಕ್ಕಪುಸ್ತಕ ಕೊಡಲಿಲ್ಲ. ಯುದ್ಧ ಮುಗಿದು ಕೆಲವು ವರ್ಷ ಕಳೆದ ಮೇಲಷ್ಟೇ ಅವಳು ಮಿಕ್ಕವರ ಸಮಕ್ಕೆ ಸಾಹಸಕ್ಕೆ ಹೊರಟದ್ದು.

ರಾಯ್ ಥಾಮಸ್ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿದ್ದು, 1965ರಲ್ಲಿ ಚಿತ್ರಕಥೆ ಬರೆಯುವ ವೃತ್ತಿಗೆ ಸೇರಿದರು. 1981ರಲ್ಲಿ 'ಆಲ್ ಸ್ಟಾರ್ ಸ್ಕ್ವಾಡ್ರನ್' ಎಂಬ ಪತ್ರಿಕೆಯನ್ನು ಆರಂಭಿಸಿ ತಮ್ಮ ಬಾಲ್ಯದ ವೀರರನ್ನು 1941–42ರ ಕಾಲದಲ್ಲಿಯೇ ಇಟ್ಟು ಹೊಸ ಕಥೆಗಳನ್ನು ಬರೆದರು. ಹಳೆಯ ಕಥೆಗಳಲ್ಲಿ ಎಲ್ಲೆಲ್ಲಿ ಬಿರುಕು ಕಂಡಿತೋ ಅಲ್ಲಲ್ಲಿ ಗಾರೆ ಮೆತ್ತಿದರು. ಇಷ್ಟು ಬಲಿಷ್ಠರಿದ್ದೂ ಯುದ್ಧ ಒಂದೇ ದಿನದಲ್ಲಿ ಏಕೆ ಮುಗಿಯಲಿಲ್ಲ? ಹಿಟ್ಲರನ ಬಳಿ ಮಾಯದ ಭರ್ಜಿಯೊಂದಿತ್ತು, ಅದರಿಂದ! ಇಂಥ ಗಾರೆಕೆಲಸದಲ್ಲಿ ಆಟದ ಸುಖವಿದೆ, ನನಗೆ ತಕರಾರಿಲ್ಲ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಡೆಟ್ರಾಯಿಟಿನಲ್ಲಿ 1942ರಲ್ಲಿ ನೀಗ್ರೋ ಕೆಲಸಗಾರರಿಗಾಗಿ ಕಟ್ಟಿದ ಮನೆಗಳಿಗೆ ಅವರು ಕಾಲಿಡದಂತೆ ಬಿಳಿಯರು ಗಲಭೆ ಎಬ್ಬಿಸಿದ್ದರು. ಆ ಗಲಭೆಯನ್ನು ಥಾಮಸ್ 1984ರಲ್ಲಿ ಕಥೆಯಾಗಿ ಬರೆದು, ಕಪ್ಪು ಜನಾಂಗದ ವೀರನೊಬ್ಬನನ್ನು ಅದರ ನಡುವೆ ನಿಲ್ಲಿಸಿದರು. 1942ರ ಮೂಲ ಸಂಚಿಕೆಗಳಲ್ಲಿ ಆ ಗಲಭೆಯೂ ಇಲ್ಲ, ಅಂಥ ವೀರನೂ ಇಲ್ಲ. ಇದು ತಪ್ಪೊಪ್ಪಿಗೆಯೆ, ಮುಚ್ಚಿಕೆಯೆ? ಬಹಳ ಯೋಚಿಸಿ ತಪ್ಪೊಪ್ಪಿಗೆ ಎಂದೇ ಹೇಳುತ್ತೇನೆ. ಆದರೆ ಅದನ್ನು ಓದಿದ ಹುಡುಗನು ನ್ಯಾಯಸಂಘ ಆ ಕಾಲದಲ್ಲಿಯೇ ಹಾಗಿತ್ತೆಂದು ನಂಬಿಕೊಂಡರೆ, ತಪ್ಪೊಪ್ಪಿಗೆ ಮುಚ್ಚಿಕೆಯಾಗಿ ತಿರುಗುತ್ತದೆ. ಥಾಮಸ್ ಅವರ ಕಥೆಯ ಪಕ್ಕದಲ್ಲಿ ಬೇಲ್ಸ್ ಅವರ ಸೂಚಿ ಇರಬೇಕಾದದ್ದು ಇದಕ್ಕಾಗಿ.

ವಿಧಿಯ ಒಂದು ವಿನೋದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1961ರಲ್ಲಿ ಫಾಕ್ಸ್ ಅವರೇ ಬರೆದ ಕಥೆಯಲ್ಲಿ ಹೊಸ ಫ್ಲ್ಯಾಶ್ ಹಳೆಯ ಫ್ಲ್ಯಾಶನನ್ನು ಭೇಟಿಮಾಡಿದನು. ಹಳೆಯ ವೀರರೆಲ್ಲ ಇನ್ನೊಂದು ಭೂಮಿಯಲ್ಲಿ ಕ್ಷೇಮವಾಗಿದ್ದಾರೆಂದು ಆಗ ತಿಳಿಯಿತು. 1985ರಲ್ಲಿ ಪ್ರಕಾಶಕರು, ಭೂಮಿಗಳ ಲೆಕ್ಕ ಗೋಜಲಾಯಿತೆಂದು, ಎಲ್ಲವನ್ನೂ ಕಲಸಿ ಒಂದೇ ಮಾಡಿದರು. ಮುದಿ ವೀರರಿಗೆ ಹೊಸ ಭೂಮಿಯಲ್ಲಿ ಎಡೆಯಿಲ್ಲವಾಯಿತು. 1986ರಲ್ಲಿ ನ್ಯಾಯಸಂಘವನ್ನು ಮುಗಿಯದ ಯುದ್ಧವೊಂದಕ್ಕೆ ಕಳುಹಿಸಿ ಬೀಳ್ಕೊಡುವ ಕಥೆ ಬರೆದರು. ಪತ್ನಿಯೊಡನೆ ಅದನ್ನು ಬರೆದವರು ರಾಯ್ ಥಾಮಸ್. ತಾನು ಹುಡುಗನಾಗಿದ್ದಾಗ ಹುಡುಕಿ ಹುಡುಕಿ ಕೂಡಿಟ್ಟವರನ್ನು ತನ್ನ ಕೈಯಿಂದಲೇ ಕಳುಹಿಸಬೇಕಾಯಿತು. ಅವರು ಕೆಲವೇ ವರ್ಷಗಳಲ್ಲಿ ಹಿಂದಿರುಗಿದರೆನ್ನಿ. ಈ ಲೋಕದಲ್ಲಿ ಮರಣ ಅಷ್ಟು ಗಟ್ಟಿಯಾದದ್ದಲ್ಲ.

ಮೂಲ ಸಂಚಿಕೆಗಳು 1991ರಿಂದ ದಪ್ಪ ರಟ್ಟಿನ ಸಂಪುಟಗಳಾಗಿ ಮತ್ತೆ ಅಚ್ಚಾದವು. ಹತ್ತು ಸೆಂಟಿನ ಸರಕು ಐವತ್ತು ಡಾಲರಿನ ಆಸುಪಾಸಿನ ಪುಸ್ತಕವಾಯಿತು. ಅವುಗಳನ್ನು ಪುಟ ಬಿಡದೆ ಓದುವವರಿಗೆ ಒಂದು ವಿಚಿತ್ರ ಕಾಣುತ್ತದೆ. 1943ರ ಹದಿನಾರನೆಯ ಸಂಚಿಕೆಯಲ್ಲಿ ನ್ಯಾಯಸಂಘ, ಅಮೆರಿಕದ ಜನರಲ್ಲಿ ಒಡಕು ಹುಟ್ಟಿಸುವವರೊಡನೆ ಹೋರಾಡುತ್ತದೆ. 1945ರ ಇಪ್ಪತ್ತೇಳನೆಯದರಲ್ಲಿ ಅಂಗವಿಕಲರಿಗೂ ಲೋಕದಲ್ಲಿ ತಕ್ಕ ಸ್ಥಾನವಿದೆಯೆಂದು ಮಕ್ಕಳಿಗೆ ಹೇಳುತ್ತದೆ. ಅಂದಿನ ಕಾಲಕ್ಕೆ ದೊಡ್ಡ ಮಾತು. ಅಭಿಮಾನಿಗಳು ಹೆಮ್ಮೆಯಿಂದ ನೆನೆಯುವ ಸಂಚಿಕೆಗಳು ಇವು. 1944ರ ಇಪ್ಪತ್ತೆರಡನೆಯದು ಜನಾಂಗ ಜನಾಂಗಗಳ ನಡುವಣ ಅಸಹನೆಯೇ ಲೋಕದ ರೋಗವೆನ್ನುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ, 1945ರ ವಸಂತದಲ್ಲಿ, ಇಪ್ಪತ್ತನಾಲ್ಕನೆಯದು ಬರುತ್ತದೆ. ಅದರಲ್ಲಿ ಯುದ್ಧಕ್ಕೆ ಹೋಗಲೊಲ್ಲದ ತರುಣನೊಬ್ಬನಿಗೆ ಶತಮಾನಗಳ ಚರಿತ್ರೆಯನ್ನು ತೋರಿಸಿ, ಕೆಟ್ಟವನು ಹಿಟ್ಲರನೊಬ್ಬನೇ ಅಲ್ಲ, ಜರ್ಮನ್ ಜನಾಂಗವೇ ಹುಟ್ಟಿನಿಂದ ಹಾಗೆ, ಎಂದು ಒಪ್ಪಿಸಲಾಗುತ್ತದೆ. ಲೇಖಕರ ಯುದ್ಧಮಂಡಲಿ ಎಂಬ ಸಂಸ್ಥೆಯ ಪ್ರೇರಣೆ ಅದರ ಹಿಂದೆ ಇತ್ತು. ಅಂದಿನ ಕ್ರೌರ್ಯಗಳನ್ನು ನೆನೆದರೆ ಬರೆದವರ ಕೋಪ ಅರ್ಥವಾಗುತ್ತದೆ. ಆದರೆ ಓದುತ್ತಿದ್ದವರು ಹತ್ತು ವರ್ಷದ ಮಕ್ಕಳು.

ಈ ಸಂಚಿಕೆಯನ್ನು ಕೂಡಿಟ್ಟವರು ಎಸೆಯಲಿಲ್ಲ, ಮರುಮುದ್ರಣ ಮಾಡಿದವರು ಕೈಬಿಡಲಿಲ್ಲ. ನಾನು ಅವರಿಗೆ ಋಣಿಯಾಗಿರುವುದು ಮಿಕ್ಕೆಲ್ಲಕ್ಕಿಂತ ಇದಕ್ಕಾಗಿ. ನಾನು ಉಪಾಧ್ಯಾಯನಾಗಿದ್ದರೆ ಇಪ್ಪತ್ತೆರಡನ್ನು ಸೋಮವಾರ, ಇಪ್ಪತ್ತನಾಲ್ಕನ್ನು ಮಂಗಳವಾರ ತರಗತಿಯಲ್ಲಿ ಓದಿಸಿ, ಇವೆರಡನ್ನೂ ಬರೆದವರು ಬೇರೆ ಬೇರೆಯೆ, ಒಬ್ಬರೆಯೆ ಎಂದು ಹುಡುಗರನ್ನು ಕೇಳುತ್ತಿದ್ದೆ. ಬೇರೆ ಬೇರೆ ಎಂದೇ ಹೆಚ್ಚು ಮಂದಿ ಹೇಳಿಯಾರು. ಸೂಚಿಯನ್ನು ತೆರೆದು ನೋಡಿದರೆ ಎರಡರ ಎದುರಿಗೂ ಇರುವುದು ಗಾರ್ಡ್ನರ್ ಫಾಕ್ಸ್ ಎಂಬ ಒಂದೇ ಹೆಸರು.