ಮನೆಯ ಮೋಟಾರು: ವೇಗವೇರುವಾಗ ತಡವರಿಸುವ ಗಾಡಿ

ಮೋಟಾರು ಗಾಡಿಯು ಇಂದಿನ ಗೃಹಕೃತ್ಯಕ್ಕೆ ಎಷ್ಟು ಅವಶ್ಯವಾಗಿದೆಯೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಅದರ ರೋಗಗಳಲ್ಲಿ ಕೆಲವು ಗಾಡಿಯನ್ನು ನಿಂತಲ್ಲಿಯೇ ನಿಲ್ಲಿಸಿಬಿಡುತ್ತವೆ. ಅವುಗಳಿಂದಾಗುವ ನಷ್ಟವು ಬಹುಮಟ್ಟಿಗೆ ಕಾಲಹರಣ ಮಾತ್ರ. ಮತ್ತೆ ಕೆಲವು ಗಾಡಿಯನ್ನು ನಡೆಯಗೊಟ್ಟು, ನಾವು ಅದನ್ನು ನೆಚ್ಚಿದ ಕ್ಷಣದಲ್ಲಿಯೇ ಕೈಬಿಡುತ್ತವೆ. ಈ ತಿಂಗಳು ನಾವು ವಿಚಾರಕ್ಕೆ ತೆಗೆದುಕೊಂಡಿರುವುದು ಎರಡನೆಯ ಬಗೆಯದು. ಶಿರಾಡಿಯಂತಹ ಘಾಟಿಯಲ್ಲಿ ಹೇರು ತುಂಬಿದ ಲಾರಿಯನ್ನು ಹಿಂದಕ್ಕೆ ಹಾಕಬೇಕೆಂದು ಬಲಕ್ಕೆ ಸರಿದು ಪೆಡಲನ್ನು ಒತ್ತಿದಾಗ, ಗಾಡಿಯು ಮುನ್ನುಗ್ಗುವುದಕ್ಕೆ ಬದಲಾಗಿ ಕ್ಷಣಕಾಲ ತಡವರಿಸಿ ಆಮೇಲೆ ಎಳೆಯುವುದು. ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಕ್ಷಣದ ಬೆಲೆಯೇನೆಂಬುದನ್ನು ಗಾಡಿ ನಡೆಸುವವರೆಲ್ಲರೂ ಬಲ್ಲರು.

ಈ ತಡವರಿಕೆಯು ಟರ್ಬೋಚಾರ್ಜರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ, ಅದರಲ್ಲಿಯೂ ಕಂಪೆನಿಯವರು ಮಾಡಿಕೊಟ್ಟ ರೀತಿಯನ್ನು ಬದಲಾಯಿಸಿ ಶಕ್ತಿಯನ್ನು ಹೆಚ್ಚಿಸಿಕೊಂಡವುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಮಾರ್ಪಾಟಿನ ಹವ್ಯಾಸವು ಮನೆಯ ತರುಣರದು; ಆದರೆ ಗಾಡಿಯಲ್ಲಿ ಕುಳಿತುಕೊಳ್ಳುವವರು ಮನೆಯವರೆಲ್ಲರೂ. ಆದುದರಿಂದ ಹಿರಿಯರೂ ಇದರ ಮರ್ಮವನ್ನು ತಿಳಿದಿರುವುದು ಒಳ್ಳೆಯದು.

ಟರ್ಬೋಚಾರ್ಜರ್ ಎಂಬುದು ಎಂಜಿನ್ನಿನ ಊದುಗೊಳವೆ. ಒಲೆಯ ಕೆಂಡಕ್ಕೆ ಊದಿದರೆ ಉರಿ ಹೇಗೆ ಏಳುವುದೋ, ಹಾಗೆಯೇ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಪೆಟ್ರೋಲನ್ನು ಸುಡಬಹುದು. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿಸುವ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ೧೯೦೫ರಲ್ಲಿಯೇ ಪೇಟೆಂಟು ಪಡೆದಿದ್ದನು. ಜನಸಾಮಾನ್ಯರು ಕೊಳ್ಳುವ ಕಾರುಗಳಲ್ಲಿ ಅದು ಕಾಣಿಸಿಕೊಂಡುದು ೧೯೬೨ರಲ್ಲಿ, ಅಮೆರಿಕದಲ್ಲಿ. ಆ ವರ್ಷದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಗಾಡಿಯಲ್ಲಿ ಸಿಲಿಂಡರಿನಲ್ಲಿ ಬೆಂಕಿಯು ತಾಳ ತಪ್ಪಿ ಸಿಡಿಯದಂತೆ ನೀರು ಮತ್ತು ಮೆಥನಾಲಿನ ಒಂದು ಮಿಶ್ರಣವನ್ನು ಸಿಂಪಡಿಸುವ ಏರ್ಪಾಡಿತ್ತು. ಆ ದ್ರವದ ತೊಟ್ಟಿ ಬರಿದಾದರೆ ಗಾಡಿಯು ತಾನಾಗಿಯೇ ಗಾಳಿಯ ಒತ್ತಡವನ್ನು ತಗ್ಗಿಸಿಕೊಳ್ಳುತ್ತಿತ್ತು. ತೊಟ್ಟಿಯನ್ನು ತುಂಬಿಸಲು ಮರೆತ ಒಡೆಯರಿಗೆ ಕಂಡುದು ಗಾಡಿಯ ಸೋಮಾರಿತನ. ನಿಜವಾಗಿ ಅದು ಗಾಡಿಯ ಆತ್ಮರಕ್ಷಣೆ. ಇಂದಿನ ಗಾಡಿಗಳ ತಡವರಿಕೆಯಲ್ಲಿಯೂ ಅನೇಕ ವೇಳೆ ಇದೇ ತತ್ತ್ವವಿರುವುದರಿಂದ ಈ ಸಂಗತಿಯನ್ನು ಇಲ್ಲಿ ಹೇಳಿದೆವು.

ಮೊದಲು ರೋಗವನ್ನೂ ಸ್ವಭಾವವನ್ನೂ ಬೇರ್ಪಡಿಸಬೇಕು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಹೊಗೆಯ ರಭಸ ಕಡಿಮೆ. ಊದುವ ಚಕ್ರವು ವೇಗಕ್ಕೆ ಬರಲು ತುಸು ಹೊತ್ತು ಬೇಕು. ಮೊದಲಿದ್ದುದಕ್ಕಿಂತ ದೊಡ್ಡ ಟರ್ಬೋ ಹಾಕಿಸಿದ್ದರೆ ಈ ಹೊತ್ತು ಇನ್ನೂ ಹೆಚ್ಚು. ಅದು ದೋಷವಲ್ಲ, ಒಂದು ಗೇರು ಇಳಿಸಿದರೆ ಮಾಯವಾಗುವುದು. ಆದರೆ ಎಳೆತವು ಬಂದು ನಡುವೆ ಕಡಿದುಹೋಗುವುದು, ಜಗ್ಗಿ ಜಗ್ಗಿ ಬಿಡುವುದು, ನೆನ್ನೆ ಇಲ್ಲದ್ದು ಇಂದು ಕಾಣುವುದು, ಇವು ರೋಗದ ಲಕ್ಷಣಗಳು.

ಆಗ ಗೃಹಸ್ಥರು ಮಾಡತಕ್ಕ ಮೊದಲ ಕೆಲಸವು ಹಣವಿಲ್ಲದೆ ಆಗುವಂಥದು. ತಡವರಿಕೆ ಯಾವ ಗೇರಿನಲ್ಲಿ, ಎಷ್ಟು ಸುತ್ತಿನಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಕಾದಾಗಲೋ, ಅರ್ಧ ಪೆಡಲಿನಲ್ಲೋ ಪೂರ್ಣ ಪೆಡಲಿನಲ್ಲೋ, ಟ್ಯಾಂಕಿಯಲ್ಲಿ ಪೆಟ್ರೋಲು ಎಷ್ಟಿದ್ದಾಗ, ಯಾವ ಮಾರ್ಪಾಟಿನ ತರುವಾಯ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಬೇಕು. ವೈದ್ಯನಿಗೆ ಜ್ವರದ ವೇಳೆಯನ್ನು ಹೇಳುವಂತೆಯೇ ಇದು. ಇದರೊಡನೆ, ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಕಿಂಡಿಗೆ ಅಗ್ಗದ ಓದುಯಂತ್ರವೊಂದನ್ನು ಸಿಕ್ಕಿಸಿದರೆ ಗಾಡಿಯ ಕಂಪ್ಯೂಟರು ಬರೆದಿಟ್ಟ ದೋಷಸಂಖ್ಯೆಗಳು ಫೋನಿನಲ್ಲಿಯೇ ಕಾಣುತ್ತವೆ. ಪಿ೦೨೯೯ ಎಂದರೆ ಟರ್ಬೋ ಒತ್ತಡ ಸಾಲದು. ಪಿ೦೨೩೪ ಎಂದರೆ ಅತಿಯಾಗಿದೆ. ಪಿ೦೧೭೧ ಎಂದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ. ಪಿ೦೩೦೦ ಎಂದರೆ ಉರಿಯು ತಪ್ಪುತ್ತಿದೆ. ಪಿ೦೦೮೭ ಎಂದರೆ ಪೆಟ್ರೋಲಿನ ಒತ್ತಡ ಇಳಿದಿದೆ. ಸಂಖ್ಯೆಯು ದಾರಿಯನ್ನು ತೋರಿಸುವುದೇ ಹೊರತು ಯಾವ ಭಾಗವನ್ನು ಕೊಳ್ಳಬೇಕೆಂದು ಹೇಳುವುದಿಲ್ಲವೆಂಬುದು ನೆನಪಿರಲಿ.

ಎಂಜಿನ್ನಿಗೆ ಬೇಕಾದುದು ಗಾಳಿ, ಕಿಡಿ, ಇಂಧನ ಎಂಬ ಮೂರು. ಈ ಕ್ರಮದಲ್ಲಿಯೇ ಪರೀಕ್ಷಿಸುವುದು ಲೇಸು. ಏಕೆಂದರೆ ಖರ್ಚೂ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಏರುತ್ತದೆ.

ಊದುಗೊಳವೆ ಬಿರುಕುಬಿಟ್ಟರೆ ಎಷ್ಟು ಊದಿದರೂ ಉರಿಯೇಳದು. ಟರ್ಬೋವಿನಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರು ಕೊಳವೆಗಳು ಬಾಗಿದೆಡೆ ಸೀಳುವುದುಂಟು. ಒತ್ತಡ ಹೆಚ್ಚಿಸಿದ ಗಾಡಿಯಲ್ಲಿ ಹಳೆಯ ಕ್ಲಿಪ್ಪು ಹಿಡಿತ ತಪ್ಪಿ ಕೊಳವೆ ಜಾರುವುದುಂಟು. ಗಾಳಿಯನ್ನು ಅಳೆಯುವ ಸೆನ್ಸರು ಫಿಲ್ಟರಿನ ಬಳಿ ಇರುವ ಗಾಡಿಗಳಲ್ಲಿ ಇದರ ಫಲವು ವಿಚಿತ್ರ. ಅಳೆದ ಗಾಳಿಯು ದಾರಿಯಲ್ಲಿ ಸೋರಿಹೋಗುವುದು. ಕಂಪ್ಯೂಟರು ಅದು ಇದೆಯೆಂದೇ ನಂಬಿ ಪೆಟ್ರೋಲನ್ನು ಬಿಡುವುದು. ಗಾಡಿಯು ಕರಿಹೊಗೆ ಕಾರಿ ಮುಗ್ಗರಿಸುವುದು. ಸೋರಿಕೆಯು ಸೆನ್ಸರಿಗೂ ಟರ್ಬೋವಿಗೂ ನಡುವೆ ಇದ್ದರೆ, ಅಳೆಯದ ಗಾಳಿ ಒಳನುಗ್ಗಿ ಇದಕ್ಕೆ ವಿರುದ್ಧವಾಗುವುದು. ಗೇರು ಬದಲಿಸುವಾಗ "ಪ್ಸ್" ಎಂದು ಸದ್ದು ಬರಲೆಂದು ಗಾಳಿಯನ್ನು ಹೊರಕ್ಕೆ ಬಿಡುವ ವಾಲ್ವು ಹಾಕಿಸಿಕೊಳ್ಳುವ ಹುಡುಗರು, ಪ್ರತಿ ಗೇರಿನ ಬಳಿಕವೂ ಗಾಡಿ ತಡವರಿಸುವುದೇಕೆಂದು ಬೆರಗಾಗುವರು. ಕಾರಣವು ಅದೇ: ಅಳೆದ ಗಾಳಿಯನ್ನು ಅವರೇ ಬೀದಿಗೆ ಬಿಟ್ಟಿರುವರು. ಕಂಪೆನಿಯ ವಾಲ್ವು ಅದನ್ನು ಮರಳಿ ಒಳಕ್ಕೇ ಕಳುಹಿಸುತ್ತಿತ್ತು.

ಸೋರಿಕೆಯನ್ನು ಕಂಡುಹಿಡಿಯುವ ಉಪಾಯವು ಸೈಕಲ್ ಟ್ಯೂಬಿನ ಪಂಕ್ಚರಿನದೇ. ಎಂಜಿನ್ನನ್ನು ಆರಿಸಿ, ಕೊಳವೆಗಳಿಗೆ ಮಿತವಾದ ಒತ್ತಡದಲ್ಲಿ ಗಾಳಿಯನ್ನು ತುಂಬಿ ಸಾಬೂನಿನ ನೀರನ್ನು ಸಿಂಪಡಿಸಿದರೆ ಗುಳ್ಳೆಯೇ ಜಾಗವನ್ನು ತೋರಿಸುವುದು. ಹೊಗೆಯನ್ನು ತುಂಬಿ ನೋಡುವ ಯಂತ್ರವೂ ಒಳ್ಳೆಯ ಗ್ಯಾರೇಜುಗಳಲ್ಲಿರುತ್ತದೆ.

ಗಾಳಿ ಸರಿಯಿದ್ದರೆ ಕಿಡಿಯನ್ನು ನೋಡಬೇಕು. ಒತ್ತಿ ತುಂಬಿದ ಗಾಳಿಯಲ್ಲಿ ಕಿಡಿಯು ಜಿಗಿಯುವುದು ಕಷ್ಟ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ವೋಲ್ಟೇಜು ಬೇಕು. ನಿಧಾನವಾಗಿ ಹೋಗುವಾಗ ಯಾವ ತೊಂದರೆಯೂ ಇಲ್ಲದೆ, ಪೂರ್ಣ ಪೆಡಲಿನಲ್ಲಿ ಮಾತ್ರ ಗಾಡಿ ಪಟಪಟನೆ ಜಗ್ಗಿದರೆ ಸ್ಪಾರ್ಕ್ ಪ್ಲಗ್ಗಿನ ಮೇಲೆ ಸಂಶಯಪಡಬೇಕು. ೦.೮ ಮಿಲಿಮೀಟರು ಇದ್ದ ಪ್ಲಗ್ಗಿನ ಎಡೆಯನ್ನು, ಒತ್ತಡ ಹೆಚ್ಚಿಸಿದ ಗಾಡಿಗಳಲ್ಲಿ ೦.೬ರ ಸಮೀಪಕ್ಕೆ ಇಳಿಸುವುದು ವಾಡಿಕೆ. ಸವೆದ ಪ್ಲಗ್ಗನ್ನೂ ಬಲಗುಂದಿದ ಕಾಯಿಲನ್ನೂ ಅಲಕ್ಷ್ಯ ಮಾಡಿದರೆ, ಸುಡದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುವುದು.

ಮೂರನೆಯದು ಇಂಧನ, ಎಲ್ಲಕ್ಕಿಂತ ಅಪಾಯಕರವಾದುದು ಇದರ ಕೊರತೆ. ಶುದ್ಧ ಪೆಟ್ರೋಲು ಪೂರ್ಣವಾಗಿ ಸುಡಲು ತೂಕದಲ್ಲಿ ಒಂದು ಪಾಲಿಗೆ ಸುಮಾರು ೧೪.೭ ಪಾಲು ಗಾಳಿ ಬೇಕು. ಟರ್ಬೋ ಪೂರ್ಣವಾಗಿ ಊದುವಾಗ ಸಿಲಿಂಡರು ತಂಪಾಗಿರಲೆಂದು, ಮಾರ್ಪಡಿಸಿದ ಗಾಡಿಗಳಲ್ಲಿ ಗಾಳಿಯ ಪಾಲನ್ನು ಹನ್ನೆರಡರ ಆಸುಪಾಸಿಗೆ ಇಳಿಸುವರು. ಪಂಪು ದುರ್ಬಲವಾಗಿ, ಫಿಲ್ಟರು ಕಟ್ಟಿ, ಇಲ್ಲವೆ ಇಂಜೆಕ್ಟರುಗಳು ಚಿಕ್ಕವಾಗಿ ಪೆಟ್ರೋಲು ಸಾಲದೆ ಹೋದರೆ ಬೆಂಕಿಯು ತಾಳ ತಪ್ಪಿ ಸಿಡಿಯುವುದು. ಸೆನ್ಸರು ಆ ಬಡಿತವನ್ನು ಕೇಳಿ ಕಿಡಿಯ ವೇಳೆಯನ್ನು ಹಿಂದಕ್ಕೆ ಸರಿಸುವುದು. ನಮಗೆ ಅದು ಶಕ್ತಿಗುಂದಿದಂತೆ ತೋರುವುದು. ಈ ರಕ್ಷಣೆಯನ್ನೂ ಸಾಫ್ಟ್‌ವೇರಿನಲ್ಲಿ ತೆಗೆಸಿಹಾಕಿದ್ದರೆ ಪಿಸ್ಟನ್ ಒಡೆಯಬಹುದು, ಕರಗಲೂಬಹುದು. ನಮ್ಮ ದೇಶದ ಬಂಕುಗಳಲ್ಲಿ ಈಗ ನೂರಕ್ಕೆ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಎಥನಾಲಿಗೆ ಬೇಕಾದ ಗಾಳಿ ಒಂದಕ್ಕೆ ಒಂಬತ್ತು ಮಾತ್ರ. ಎಂದರೆ ಅದೇ ಗಾಳಿಗೆ ಇಂಧನವನ್ನು ಹೆಚ್ಚು ಸುರಿಯಬೇಕು. ಹಳೆಯ ಪೆಟ್ರೋಲಿಗೆಂದು ಅಂಚಿನವರೆಗೆ ಹೊಂದಿಸಿದ ಗಾಡಿಯಲ್ಲಿ ಇಂಜೆಕ್ಟರುಗಳಿಗೆ ಆ ಹೆಚ್ಚುವರಿಗೆ ಎಡೆಯೇ ಇಲ್ಲದಿರಬಹುದು.

ಮೂರೂ ಸರಿಯಿದ್ದು ರೋಗ ಉಳಿದರೆ, ರೀಮ್ಯಾಪ್ ಎಂಬ ಸಾಫ್ಟ್‌ವೇರ್ ಬದಲಾವಣೆಯ ಮೇಲೆಯೇ ದೃಷ್ಟಿಯಿಡಬೇಕು. ಒತ್ತಡವು ಗೊತ್ತಾದ ಮಿತಿಯನ್ನು ಮೀರಿದಾಗ ಕಂಪ್ಯೂಟರು ಇಂಧನವನ್ನೋ ಗಾಳಿಯನ್ನೋ ಥಟ್ಟನೆ ಕಡಿಯುವುದು. ಅದು ಮುಖಕ್ಕೆ ಬಡಿದಂತೆ ಅನುಭವವಾಗುವುದು. ಆ ಕೆಲಸ ಮಾಡಿದವರಿಂದ ಒತ್ತಡ, ಮಿಶ್ರಣ, ಕಿಡಿಯ ವೇಳೆ ಇವುಗಳ ದಾಖಲೆಯನ್ನು ಕೇಳಿ ಪಡೆಯಿರಿ. ಪೂರ್ಣ ಪೆಡಲಿನ ಪರೀಕ್ಷೆಯನ್ನು ಡೈನೋ ಉರುಳೆಗಳ ಮೇಲೆ ಮಾಡಿಸಿರಿ. ಊರ ರಸ್ತೆಯು ಪ್ರಯೋಗಶಾಲೆಯಲ್ಲ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ರೋಗ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಕಂಪೆನಿಯ ಮೂಲ ಭಾಗಗಳನ್ನು ಎಸೆಯದೆ ಇಟ್ಟಿದ್ದರೆ, ಅವುಗಳನ್ನು ಒಂದೊಂದಾಗಿ ಮರಳಿ ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ತಡವರಿಕೆಯನ್ನು ಮುಚ್ಚಲು ಒತ್ತಡವನ್ನು ಇನ್ನಷ್ಟು ಏರಿಸುವ ಸಲಹೆಗೆ ಮಾತ್ರ ಕಿವಿಗೊಡಬೇಡಿರಿ.

ಕೊನೆಯದಾಗಿ ಒಂದು ಮಾತು. ೧೯೮೮ರ ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಗಾಡಿಯ ಒಡೆಯರು ೫,೦೦೦ ರೂಪಾಯಿ ದಂಡಕ್ಕೆ, ಆರು ತಿಂಗಳವರೆಗಿನ ಸೆರೆಗೆ, ಇಲ್ಲವೆ ಎರಡಕ್ಕೂ ಗುರಿಯಾಗಬಹುದು. ಮಾರ್ಪಡಿಸಿದವನು ಮಗನಾದರೂ ಒಡೆತನದ ಪತ್ರದಲ್ಲಿರುವುದು ಅನೇಕ ವೇಳೆ ತಂದೆಯ ಹೆಸರು. ಆದುದರಿಂದ ಗಾಡಿಗೆ ಏನೇನು ಮಾಡಿಸಲಾಗಿದೆಯೆಂಬುದನ್ನು ಮನೆಯಲ್ಲಿ ಮರೆಮಾಚದೆ ಹೇಳಿಕೊಳ್ಳುವ ರೂಢಿಯಿರಲಿ. ತಡವರಿಕೆ ಗುಣವಾಗುವವರೆಗೆ ಆ ಗಾಡಿಯಲ್ಲಿ ಯಾರೂ ಘಾಟಿಯಲ್ಲಿ ಮತ್ತೊಂದು ವಾಹನವನ್ನು ಹಿಂದೆ ಹಾಕಲು ಹೋಗಬಾರದೆಂಬುದನ್ನು, ಬೀಗದ ಕೈಯನ್ನು ಕೊಡುವಾಗಲೇ ಹೇಳಿ ಕೊಡಿರಿ.