ಅವರವರ ಮೂಗಿನ ನೇರಕ್ಕೆ

‘ಒಲೆ ಮೇಲೆ ಹಾಲಿದೆಯಾ? ಸೀದ ವಾಸನೆ ಬರ್ತಿದೆ.’

ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಮಾತು ಇದೇ ಇರಬೇಕು. ಕೇಳುತ್ತಿದ್ದವಳು ನಾನು. ಒಲೆ ಮೇಲೆ ಹಾಲು ಇರುತ್ತಿರಲಿಲ್ಲ. ಎಷ್ಟೋ ಸಲ ಮನೆಯಲ್ಲೇ ಹಾಲಿರುತ್ತಿರಲಿಲ್ಲ.

2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಹೋಯಿತು. ಜ್ವರ ವಾರದಲ್ಲಿ ಇಳಿಯಿತು, ಮೂಗು ಮಾತ್ರ ಹಿಂದಿರುಗಲಿಲ್ಲ. ಕಾಫಿ ಬರೀ ಬಿಸಿನೀರಾಯಿತು, ಒಗ್ಗರಣೆ ಬರೀ ಸದ್ದಾಯಿತು. ಎರಡು ತಿಂಗಳ ಮೇಲೆ ವಾಸನೆಗಳು ಒಂದೊಂದಾಗಿ ಮರಳಿದವು. ಅವುಗಳ ಹಿಂದೆಯೇ, ಕರೆಯದೆ ಬಂದ ನೆಂಟನಂತೆ, ಈ ಸೀದ ಹಾಲೂ ಬಂತು. ಬಸ್ಸಿನಲ್ಲಿ, ದೇವಸ್ಥಾನದಲ್ಲಿ, ನಡುರಾತ್ರಿಯ ದಿಂಬಿನ ಮೇಲೆ. ಕೆಲವು ದಿನ ರೂಪ ಬದಲಿಸಿ ಕೊಳೆತ ಮೊಟ್ಟೆಯೂ ಆಗುತ್ತಿತ್ತು.

ಅತ್ತೆ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸಿದರು. ಗಂಡ, ‘ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ’ ಎಂದರು. ಡಾಕ್ಟರರೊಬ್ಬರು ಚೀಟಿಯಿಂದ ತಲೆ ಎತ್ತದೆಯೇ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಓದು, ವಯಸ್ಸು, ನಂಬಿಕೆ ಯಾವುದರಲ್ಲೂ ಹೊಂದದ ಈ ಮೂವರು ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು: ಅಂಥ ವಾಸನೆ ಇಲ್ಲ.

ನನ್ನ ಜಗಳ ಆ ‘ಇಲ್ಲ’ದ ಜೊತೆ. ಹಾಲು ಇಲ್ಲ, ಒಪ್ಪಿದೆ. ಆದರೆ ವಾಸನೆ ಇದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದವರನ್ನು ಕಿವಿಯ ಪರೀಕ್ಷೆಗೆ ಕಳಿಸುತ್ತೀರಿ. ಕತ್ತರಿಸಿ ತೆಗೆದ ಕಾಲು ನೋಯುತ್ತದೆ ಎಂದವರಿಗೆ ಅದು ನರದ ನೋವೆಂದು ಸಮಾಧಾನ ಹೇಳುತ್ತೀರಿ. ಮೂಗಿನ ವಿಷಯಕ್ಕೆ ಬಂದಾಗ ಮಾತ್ರ ಒಂದೋ ದೆವ್ವ, ಇಲ್ಲವೇ ಭ್ರಮೆ. ಅವರವರ ಮೂಗಿನ ನೇರಕ್ಕೆ ಮಾತಾಡುವುದು ಎಂಬ ನುಡಿಗಟ್ಟು ಇಷ್ಟು ಅಕ್ಷರಶಃ ನಿಜವಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಫ್ಯಾಂಟಾಸ್ಮಿಯ ಎಂಬ ಹೆಸರಿದೆ. ಮೂಗಿನ ಮಾಳಿಗೆಯಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳ ಎಳೆಗಳು ಜರಡಿಯಂಥ ತೂತುಗಳಿರುವ ಮೂಳೆಯನ್ನು ದಾಟಿ ಮಿದುಳಿಗೆ ಸೇರುತ್ತವೆ. ಮನುಷ್ಯರಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಗ್ರಾಹಕಗಳ ಈ ದೊಡ್ಡ ಕುಟುಂಬವನ್ನು 1991ರಲ್ಲಿ ತೋರಿಸಿಕೊಟ್ಟ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಸೋಂಕಿನಿಂದ ಈ ಕೋಶಗಳು ಕೆಟ್ಟು ಮತ್ತೆ ಬೆಳೆಯುವಾಗ ತಂತಿಜೋಡಣೆ ತಪ್ಪಿದರೆ, ಹೊರಗೆ ಏನೂ ಇಲ್ಲದೆಯೂ ಒಳಗೆ ಗಂಟೆ ಬಾರಿಸಬಹುದು. ಕಾರಣ ಇದೊಂದೇ ಅಲ್ಲ. ನೆಗಡಿಯ ವೈರಸ್, ಸೈನಸ್ ಸೋಂಕು, ಹಲ್ಲಿನ ಕೀವು, ತಲೆಗೆ ಬಿದ್ದ ಪೆಟ್ಟು, ಮೈಗ್ರೇನ್, ಕೆಲವು ಔಷಧಿಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಮಿದುಳಿನ ಕಪೋಲ ಭಾಗದಲ್ಲಿ ಏಳುವ ಮೂರ್ಛೆರೋಗದ ಮುನ್ಸೂಚನೆಯೂ ಕೆಲವರಿಗೆ ಕೆಟ್ಟ ವಾಸನೆಯಾಗಿ ಬರುತ್ತದೆ. ಪಾರ್ಕಿನ್ಸನ್ ಇರುವವರಲ್ಲೂ ಇದು ಕಾಣಿಸಬಹುದು. ಅಪರೂಪಕ್ಕೆ ಗಡ್ಡೆಯೂ ಕಾರಣವಾಗಬಹುದು. ಬಹುಪಾಲು ಸಲ ಅಪಾಯವೇನಿಲ್ಲ. ಆದರೆ ಬಹುಪಾಲು ಯಾವುದು, ಅಪರೂಪ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಮೊದಲು ಕೇಳಿಸಿಕೊಳ್ಳಬೇಕಲ್ಲ!

ಅಮೆರಿಕದಲ್ಲಿ 40 ದಾಟಿದ ಏಳು ಸಾವಿರಕ್ಕೂ ಹೆಚ್ಚು ಮಂದಿಯ ಸಮೀಕ್ಷೆಯೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 6.5ರಷ್ಟು ಜನರಿಗೆ ಇಲ್ಲದ ವಾಸನೆ ಬರುತ್ತಿತ್ತು. ಹೆಂಗಸರಲ್ಲಿ ಇದು ಹೆಚ್ಚು. ಹೀಗೆ ವಾಸನೆ ಬರುತ್ತಿದ್ದವರಲ್ಲಿ, ಮೂಗು–ರುಚಿಯ ತೊಂದರೆಯನ್ನು ವೈದ್ಯರ ಬಳಿ ಎಂದಾದರೂ ಪ್ರಸ್ತಾಪಿಸಿದವರು ಶೇ. 11 ಮಾತ್ರ. ಉಳಿದವರು ಏಕೆ ಬಾಯಿ ಬಿಡಲಿಲ್ಲ ಎಂದು ನನ್ನನ್ನು ಕೇಳಿ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು.

‘ನಿವಾಳಿಸಿದರೆ ನಷ್ಟವೇನು, ಸಮಾಧಾನವಾದರೂ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ನಷ್ಟವೇನೆಂದು ಹೇಳುತ್ತೇನೆ. ಒಂದು ಸಂಜೆ ಕೊಳೆತ ಮೊಟ್ಟೆಯ ವಾಸನೆ ಬಂತು. ಅಷ್ಟರಲ್ಲಾಗಲೇ ನನ್ನ ಮೂಗನ್ನು ನಂಬಬಾರದೆಂದು ಎಲ್ಲರೂ ಸೇರಿ ನನಗೆ ಕಲಿಸಿಬಿಟ್ಟಿದ್ದರು. ಇದೂ ನನ್ನದೇ ಎಂದುಕೊಂಡು ಪುಸ್ತಕ ಓದುತ್ತಾ ಕೂತೆ. ಟ್ಯೂಷನ್ನಿನಿಂದ ಬಂದ ಮಗ ಬಾಗಿಲಲ್ಲೇ ‘ಅಮ್ಮಾ, ಗ್ಯಾಸು!’ ಎಂದು ಕೂಗಿದ. ಒಲೆಯ ತಿರುಗಣೆ ಪೂರ್ತಿ ಮುಚ್ಚಿರಲಿಲ್ಲ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ನಾರುವ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಅಂದರೆ ಪ್ರತಿ ಅಡುಗೆಮನೆಯ ಕಾವಲು ಯಾರದೋ ಮೂಗಿನ ಮೇಲೆ ನಿಂತಿದೆ. ಆ ಕಾವಲುಗಾರಳನ್ನೇ ಸುಳ್ಳಿ ಎಂದರೆ, ನಿಜವಾದ ಕಳ್ಳ ಬಂದ ದಿನ ಅವಳು ಕೂಗುವುದಿಲ್ಲ.

ಆ ಸಂಜೆಯಾದ ಮೇಲೆ ಇನ್ನೊಬ್ಬ ವೈದ್ಯರ ಬಳಿ ಹೋದೆ. ಅವರು ಮಾಡಿದ ಮೊದಲ ಚಿಕಿತ್ಸೆ ಪ್ರಶ್ನೆ. ಯಾವಾಗ ಶುರುವಾಯಿತು? ಎಷ್ಟು ಹೊತ್ತು ಇರುತ್ತದೆ? ಜೊತೆಗೆ ತಲೆನೋವು, ಎಚ್ಚರ ತಪ್ಪಿದಂತಾಗುವುದು ಉಂಟಾ? ಒಂದು ಹೊಳ್ಳೆ ಮುಚ್ಚಿದರೆ ಹೋಗುತ್ತದೆಯಾ? ಮುಚ್ಚಿ ನೋಡಿದೆ. ಎಡಗಡೆಯದನ್ನು ಮುಚ್ಚಿದಾಗ ಸೀದ ಹಾಲು ನಿಂತಿತು! ಮೂರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಆಮೇಲೆ ಮೂಗಿನೊಳಗೆ ಕೊಳವೆ ಇಳಿಸಿ ನೋಡಿದರು, ಸ್ಕ್ಯಾನ್ ಆಯಿತು. ಅಪಾಯದ್ದೇನೂ ಇರಲಿಲ್ಲ.

‘ಗುಣವಾಗದ ಮೇಲೆ ಹೆಸರಿಟ್ಟು ಏನು ಪ್ರಯೋಜನ?’ ಎಂಬುದು ಇನ್ನೊಂದು ವಾದ. ಸೈನಸ್‌ಗೆ, ಮೂರ್ಛೆಗೆ, ಮೈಗ್ರೇನ್‌ಗೆ ಔಷಧಿಯಿದೆ. ವಾಸನೆ ಕಳೆದುಕೊಂಡವರಿಗೆ ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮ್ಮೆಲ್ ತಂಡ 2009ರಲ್ಲಿ ಒಂದು ಅಭ್ಯಾಸವನ್ನು ವರದಿ ಮಾಡಿತು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಸಲ, 12 ವಾರ ಮೂಸುವುದು. ಅದು ಪವಾಡವಲ್ಲ, ಇಲ್ಲದ ವಾಸನೆಗೆಂದೇ ಹುಟ್ಟಿದ ಮದ್ದೂ ಅಲ್ಲ. ನಾನೂ ಮಾಡುತ್ತಿದ್ದೇನೆ, ಸ್ವಲ್ಪ ಇಳಿದಂತಿದೆ. ಆದರೆ ಹೆಸರೇ ಅರ್ಧ ಔಷಧಿ. ಹೆಸರಿಲ್ಲದಾಗ ನಾನು ಹುಚ್ಚಿಯಾಗಿದ್ದೆ, ಹೆಸರು ಸಿಕ್ಕ ಮೇಲೆ ರೋಗಿಯಾದೆ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಕಣ್ಣು, ಕಿವಿ, ಮಾತು ಅಲ್ಲಿವೆ, ಮೂಗಿಲ್ಲ. ನನಗೆ ಪ್ರಮಾಣಪತ್ರ ಬೇಡ. ನಾನು ಕೇಳುವುದು ನಾಲ್ಕು ಪ್ರಶ್ನೆಗಳನ್ನು ಮಾತ್ರ. ಕನ್ನಡದಲ್ಲಿ ‘ವಾಸನೆ’ ಎಂದರೆ ಮೂಗಿಗೆ ಬಡಿಯುವುದೂ ಹೌದು, ವಸ್ತು ಹೋದ ಮೇಲೂ ಮನಸ್ಸಿನಲ್ಲಿ ಉಳಿಯುವ ಸಂಸ್ಕಾರವೂ ಹೌದು. ಭಾಷೆ ಎಂದೋ ಒಪ್ಪಿಕೊಂಡದ್ದನ್ನು ಮನೆ ಒಪ್ಪಿಕೊಳ್ಳಲು ಇಷ್ಟೇಕೆ ಕಷ್ಟ?

ಈಗಲೂ ವಾಸನೆ ಬರುತ್ತದೆ. ಮಗನನ್ನು ಕರೆಯುತ್ತೇನೆ. ಅವನು ನಗುವುದಿಲ್ಲ. ಅಡುಗೆಮನೆಗೆ ಹೋಗಿ ತಿರುಗಣೆ ಮುಟ್ಟಿ ನೋಡಿ ಬಂದು ಹೇಳುತ್ತಾನೆ: ‘ಒಲೆ ಆರಿದೆ ಅಮ್ಮಾ. ಇದು ನಿನ್ನದು.’

ನನಗೆ ಅಷ್ಟು ಸಾಕು.